ಗೆಳೆಯನ ಜೊತೆ ಸೈಕಲ್‌ನಲ್ಲಿ ಖರ್ದುಂಗ್ ಲಾ ಹತ್ತಬಹುದಾ?

ನೀವು ಕೇಳಿರುವುದು ಎರಡು ವಿಷಯ. ಲಡಾಖ್‌ನ ಲೇಹ್‌ನಿಂದ ಖರ್ದುಂಗ್ ಲಾ ಪಾಸ್ (ಬೆಟ್ಟಸಾಲು ದಾಟುವ ದಾರಿಯ ತುದಿ) ತನಕ ಸೈಕಲ್ ತುಳಿಯುವುದು ನಮ್ಮಂಥವರಿಗೆ ಆಗುತ್ತದಾ? ಜೊತೆಗೆ ಬರುವ ಗೆಳೆಯ ನಿಮಗಿಂತ ಗಟ್ಟಿಗನಾದರೆ ಏನು ಮಾಡಬೇಕು?

ಆಗುತ್ತದೆ. ನನಗೆ ಎರಡನೇ ಸಲಕ್ಕೆ ಆಯಿತು. ಮೊದಲ ಸಲ ಕೆಟ್ಟಿದ್ದೇ ನಿಮ್ಮ ಎರಡನೇ ಪ್ರಶ್ನೆಯ ಕಾರಣಕ್ಕೆ.

ಬರೀ ಏರು ನೋಡಿದರೆ ಭಯಪಡುವಂಥದ್ದಲ್ಲ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ, ಪಾಸ್ 5,359 ಮೀಟರ್. ನಡುವೆ ಸುಮಾರು 40 ಕಿ.ಮೀ. ನೂರು ಮೀಟರ್ ತುಳಿದರೆ ಐದು ಮೀಟರ್ ಕೂಡ ಮೇಲೇರುವುದಿಲ್ಲ. ನಂದಿ ಬೆಟ್ಟದ ಕೊನೆಯ ತಿರುವುಗಳು ಇದಕ್ಕಿಂತ ಕಡಿದು. ನಾವೂ ನಂದಿಯಲ್ಲೇ ತಿಂಗಳುಗಟ್ಟಲೆ ತುಳಿದು, ಇಷ್ಟೇನಾ ಅಂದುಕೊಂಡು ಹೋದವರು. ಆದರೆ ಅಲ್ಲಿ ಮೋಸ ಮಾಡುವುದು ಏರಲ್ಲ, ತೆಳುವಾದ ಗಾಳಿ. ನಮ್ಮ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಲೇಹ್‌ನಲ್ಲಿ ವಿಮಾನ ಇಳಿದಾಗಲೇ ಅದಕ್ಕಿಂತ ಎಷ್ಟೋ ಮೇಲಿರುತ್ತೀರಿ. ಪಾಸ್ ಮೇಲೆ ಗಾಳಿಯ ಒತ್ತಡ ಸಮುದ್ರ ಮಟ್ಟದ ಹೆಚ್ಚುಕಡಿಮೆ ಅರ್ಧ, ಹಾಗಾಗಿ ಒಂದು ಉಸಿರಿಗೆ ಸಿಗುವ ಆಕ್ಸಿಜನ್ ಕೂಡ ಅರ್ಧ. ನೀವು ಎಷ್ಟು ಫಿಟ್ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಫಿಟ್ ಇರುವವರು ಜೋರಾಗಿ ಹೋಗಿ ಬೇಗ ಸಿಕ್ಕಿಹಾಕಿಕೊಳ್ಳುತ್ತಾರೆ, ಅಷ್ಟೇ.

ನನ್ನ ಗೆಳೆಯನಿಗೆ ಆಗಿದ್ದೂ ಅದೇ. ಬೆಂಗಳೂರಿನಿಂದ ಹೋದ ಮೂರನೇ ದಿನವೇ ಹೊರಟೆವು. ಅದು ಮೊದಲ ತಪ್ಪು, ಎತ್ತರಕ್ಕೆ ಮೈ ಒಗ್ಗಲು ಬಿಡಲೇ ಇಲ್ಲ. ಬೆಳಗ್ಗೆ ಐದೂವರೆಗೆ ಬಿಟ್ಟು, ಸುಮಾರು 24 ಕಿ.ಮೀ. ದೂರದ ಸೌತ್ ಪುಲ್ಲು ಚೆಕ್‌ಪೋಸ್ಟ್ ತಲುಪುವಾಗ ಹತ್ತು ಗಂಟೆ. ಅಲ್ಲಿ ಚಹಾ ಕುಡಿದ ಮೇಲೆ ಅವನು ಮುಂದೆ ಹೋಗಿಬಿಟ್ಟ. ಆಮೇಲೆ ಕಣ್ಣಿಗೇ ಬೀಳಲಿಲ್ಲ. ರಸ್ತೆ ಪೂರ್ತಿ ಜಲ್ಲಿ, ಹಿಮ ಕರಗಿ ಅಡ್ಡ ಹರಿಯುವ ನೀರು ಬೇರೆ. ನಾನು ಅತಿ ಸಣ್ಣ ಗೇರಿನಲ್ಲಿ ನಡಿಗೆಯ ವೇಗದಲ್ಲಿ ತೆವಳುತ್ತಿದ್ದೆ. ಪಾಸ್‌ಗೆ ಆರು ಕಿ.ಮೀ. ಇದ್ದಾಗ ಒಂದು ತಿರುವಿನಲ್ಲಿ ಸಿಕ್ಕ. ಟೋಪಿಯನ್ನು ಕಣ್ಣ ಮೇಲೆ ಎಳೆದುಕೊಂಡು ಕಲ್ಲಿನ ಮೇಲೆ ಕೂತಿದ್ದ.

“ಏನಿಲ್ಲ ಕಣೋ, ಬಿಸಿಲು ಜಾಸ್ತಿ” ಅಂದ. ಕಡಲೆಕಾಯಿ ಚಿಕ್ಕಿ ಕೊಟ್ಟೆ. ಬೇಡ ಅಂದ. ಚಿಕ್ಕಿ ಬೇಡ ಅನ್ನುವ ಆಸಾಮಿಯೇ ಅಲ್ಲ ಅವನು. ಐದು ನಿಮಿಷಕ್ಕೆ ವಾಂತಿ ಆಯಿತು.

“ಇನ್ನು ಆರೇ ಕಿಲೋಮೀಟರ್, ನೀನಾದ್ರೂ ಹೋಗಿ ಬಾ” ಅಂದ. ಸುಳ್ಳು ಯಾಕೆ ಹೇಳಲಿ, ಹೋಗೋಣ ಅಂತ ನನಗೂ ಒಂದು ಗಳಿಗೆ ಅನಿಸಿತು. ಆಮೇಲೆ ಕೆಳಗೆ ಹೋಗುತ್ತಿದ್ದ ಪಿಕಪ್ ಒಂದಕ್ಕೆ ಕೈ ಅಡ್ಡ ಹಾಕಿದೆ. ಡ್ರೈವರ್ ಅವನ ಮುಖ ನೋಡಿದವರೇ ಏನೂ ಕೇಳದೆ ಸೈಕಲ್‌ಗಳನ್ನು ಹಿಂದೆ ಹಾಕಿಕೊಂಡರು. ಎತ್ತರದ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯುವುದೇ. ಲೇಹ್ ಬರುವಷ್ಟರಲ್ಲಿ ಹಸಿವು ಅಂತ ಶುರು ಮಾಡಿದ್ದ. ತುಕ್ಪಾ (ನೂಡಲ್ಸ್ ಸೂಪ್) ಕುಡಿಯುತ್ತಾ ಬಾಯಿಬಿಟ್ಟ: ತಲೆನೋವು ಹಿಂದಿನ ರಾತ್ರಿಯಿಂದಲೇ ಇತ್ತಂತೆ. “ಹೇಳಿದ್ರೆ ನೀನು ಹೊರಡ್ತಾನೇ ಇರ್ಲಿಲ್ಲ ಅಲ್ವಾ?”

ಹಾಗಾಗಿ ನಿಮ್ಮ ಗೆಳೆಯನ ಕಾಲಿನ ಬಲದ ಬಗ್ಗೆ ಚಿಂತೆ ಬಿಡಿ. ಅವನು ತಲೆನೋವನ್ನು ಹೇಳಿಕೊಳ್ಳುವವನಾ, ಅದನ್ನು ನೋಡಿ. ನಾಲ್ಕು ದಿನ ಬಿಟ್ಟು ಮತ್ತೆ ಹೊರಟಾಗ ನಾವು ಮಾಡಿಕೊಂಡ ಕರಾರು ಇಷ್ಟು: ನಿಧಾನಿ ಮುಂದೆ, ಜೋರಿನವನು ಹಿಂದೆ. ಗಂಟೆಗೊಮ್ಮೆ ನಿಂತು ಏನಾದರೂ ತಿನ್ನಬೇಕು. ತಿನ್ನಲು ಮನಸ್ಸಿಲ್ಲ ಅಂದರೆ ಅದನ್ನು ಬಾಯಿಬಿಟ್ಟು ಹೇಳಬೇಕು. ಇಬ್ಬರಲ್ಲಿ ಒಬ್ಬ ‘ವಾಪಸ್’ ಅಂದರೆ ಚರ್ಚೆ ಇಲ್ಲ. ತಲೆ ನೆಟ್ಟಗಿದೆಯಾ ನೋಡಲು ಹದಿಮೂರರ ಮಗ್ಗಿ. (ಹದಿನೇಳರದು ಅವನಿಗೆ ಮೈಸೂರಿನಲ್ಲೇ ಬರಲ್ಲ.) ನಡುವಿನ ದಿನಗಳಲ್ಲಿ ಸುಮ್ನೆ ಮಲಗಲಿಲ್ಲ. ಎರಡು ದಿನ ಪೂರ್ತಿ ವಿಶ್ರಾಂತಿ, ಒಂದು ದಿನ ಶಾಂತಿ ಸ್ತೂಪದ ತನಕ, ಇನ್ನೊಂದು ದಿನ ಪಾಸ್ ರಸ್ತೆಯಲ್ಲೇ ಸ್ವಲ್ಪ ದೂರ ಹೋಗಿ ಬಂದೆವು. ಎತ್ತರದ ಕಾಯಿಲೆ ತಡೆಯಲು ತಗೊಳ್ಳುವ ಡೈಮಾಕ್ಸ್ ಮಾತ್ರೆ ಬೇಕೋ ಬೇಡವೋ ಅನ್ನುವುದನ್ನು ಹೊರಡುವ ಮೊದಲೇ ನಿಮ್ಮ ಡಾಕ್ಟರ್ ಹತ್ತಿರ ಕೇಳಿ. ಸಲ್ಫಾ ಮಾತ್ರೆ ಆಗಿಬರದಿದ್ದರೆ ಅದನ್ನೂ ಹೇಳಿ.

ಇಳಿಯುವಾಗಿನ ಚಳಿಯನ್ನು ಯಾರೂ ನಮಗೆ ಹೇಳಿರಲಿಲ್ಲ. ಹತ್ತುವಾಗ ಬೆವರಿದ ಬಟ್ಟೆ ಇಳಿಯುವಾಗ ಐಸ್ ಆಗುತ್ತದೆ, ಬೆರಳು ಬ್ರೇಕ್ ಹಿಡಿಯಲ್ಲ. ಒಣ ಬನಿಯನ್, ದಪ್ಪ ಗ್ಲೌಸ್ ಬ್ಯಾಗಿನಲ್ಲಿರಲಿ. ಬಾಡಿಗೆ ಸೈಕಲ್ ಆದರೆ ಬ್ರೇಕ್ ಪ್ಯಾಡ್ ನೀವೇ ಕಣ್ಣಾರೆ ನೋಡಿ ತಗೊಳ್ಳಿ. ಇಷ್ಟೆಲ್ಲ ಬೇಡ ಅನಿಸಿದರೆ, ಗಾಡಿಯಲ್ಲಿ ಮೇಲೆ ಬಿಟ್ಟು ಸೈಕಲ್‌ನಲ್ಲಿ ಇಳಿಸುವ ಟ್ರಿಪ್ ಲೇಹ್‌ನಲ್ಲಿ ಸಿಗುತ್ತದೆ. ಅದರಲ್ಲಿ ನಾಚಿಕೆ ಏನಿಲ್ಲ, ಆದರೆ ಲೇಹ್‌ನಲ್ಲಿ ಕಾಯುವ ದಿನಗಳನ್ನು ಅದಕ್ಕೂ ಬಿಡಬೇಡಿ.

ಎರಡನೇ ಸಲ ಮೇಲೆ ಮುಟ್ಟಿದಾಗ ಮಧ್ಯಾಹ್ನ ಎರಡು ದಾಟಿತ್ತು. ಹದಿನೈದೇ ನಿಮಿಷ ಇದ್ದೆವು. ನಾವು ಹೋದಾಗ ಬೋರ್ಡಿನಲ್ಲಿ 18,380 ಅಡಿ ಅಂತ ಇತ್ತು, ನಿಜವಾದ ಎತ್ತರ 17,582 ಅಡಿ. ಗೆಳೆಯ ಈಗಲೂ ಊರಿನಲ್ಲಿ ಎಲ್ಲರಿಗೂ ಬೋರ್ಡಿನ ಲೆಕ್ಕವನ್ನೇ ಹೇಳುತ್ತಾನೆ.