ರಾಜಕೀಯದ ಸುಳ್ಳು ಸುದ್ದಿಯನ್ನು ವಿದ್ಯಾವಂತರೂ ಏಕೆ ನಂಬುತ್ತಾರೆ? ಮೋಸಹೋಗದಿರಲು ಏನು ಮಾಡಬೇಕು?

ನೀವು ಕೇಳಿರುವ ಎರಡು ಪ್ರಶ್ನೆಗೂ ನಾನೇ ಮೋಸಹೋದ ಪ್ರಸಂಗದಿಂದಲೇ ಉತ್ತರ ಶುರು ಮಾಡುತ್ತೇನೆ.

ಚುನಾವಣೆಯ ಸಮಯ. ನಾನು ಮೆಚ್ಚುವ ಪಕ್ಷದ ಸಭೆಗೆ ಜನಸಾಗರವೇ ಹರಿದುಬಂದಿದೆ ಅನ್ನುವ ಫೋಟೊ ವಾಟ್ಸಾಪ್‌ಗೆ ಬಂತು. ಎದೆಯುಬ್ಬಿ ಹೋಯಿತು. ಮೂರು ಗ್ರೂಪ್‌ಗೆ ಫಾರ್ವರ್ಡ್ ಮಾಡಿದೆ. ಅರ್ಧ ಗಂಟೆ ಬಿಟ್ಟು, ಜನರನ್ನು ಕಣ್ತುಂಬ ನೋಡೋಣ ಅಂತ ಚಿತ್ರ ದೊಡ್ಡದು ಮಾಡಿದರೆ, ಮುಂದಿನ ಸಾಲಿನವರೆಲ್ಲ ದಪ್ಪ ಕೋಟು, ಉಣ್ಣೆ ಟೋಪಿ ಹಾಕಿದ್ದಾರೆ. ಸಭೆ ನಡೆದದ್ದು ಬಿರುಬೇಸಿಗೆಯಲ್ಲಿ! ಗೂಗಲ್‌ಗೆ ಆ ಚಿತ್ರವನ್ನೇ ಕೊಟ್ಟು ಹುಡುಕಿದೆ. ಎಂಟು ವರ್ಷದ ಹಿಂದೆ, ಬೇರೊಂದು ದೇಶದಲ್ಲಿ, ಗೆದ್ದುಬಂದ ಆಟಗಾರರನ್ನು ಸ್ವಾಗತಿಸಲು ಸೇರಿದ್ದ ಜನ ಅವರು. ಮೂರೂ ಗ್ರೂಪ್‌ಗಳಲ್ಲಿ ತಪ್ಪಾಯಿತು ಅಂತ ಬರೆದೆ. ಒಬ್ಬರು ಕೊಟ್ಟ ಉತ್ತರ ಇವತ್ತಿಗೂ ಚುಚ್ಚುತ್ತದೆ: "ಫೋಟೊ ಹಳೇದಾದರೇನು, ಜನ ಬಂದಿದ್ದಂತೂ ನಿಜ ತಾನೆ?"

ಎದುರು ಪಕ್ಷದವರು ಇದೇ ಫೋಟೊ ಹಾಕಿದ್ದರೆ ಮೊದಲ ನಿಮಿಷದಲ್ಲೇ ನನ್ನ ಕಣ್ಣು ಆ ಕೋಟುಗಳ ಮೇಲೆ ಬೀಳುತ್ತಿತ್ತು. ನಮ್ಮ ಸಮಸ್ಯೆ ಇರುವುದು ಅಲ್ಲೇ. ಬುದ್ಧಿ ಇಲ್ಲ ಅಂತಲ್ಲ, ಬೇಕಾದ ಕಡೆ ಮಾತ್ರ ಅದನ್ನು ಓಡಿಸುತ್ತೇವೆ. ಓದಿದವರಿಗಂತೂ ತಮ್ಮ ನಂಬಿಕೆಗೆ ಸಮರ್ಥನೆ ಹೊಂದಿಸಿಕೊಳ್ಳುವುದು ಇನ್ನೂ ಸಲೀಸು. ಅದಕ್ಕೇ ಈಗ ಯಾವ ಸುದ್ದಿ ಓದಿ ನನಗೆ ತುಂಬ ಖುಷಿಯಾಗುತ್ತದೋ, ತುಂಬ ಸಿಟ್ಟು ಬರುತ್ತದೋ, ಅದನ್ನೇ ಮೊದಲು ಪರೀಕ್ಷಿಸುತ್ತೇನೆ.

"ಎಲ್ಲ ಕಡೆ ಬರ್ತಾ ಇದೆ" ಅನ್ನುವುದೂ ಸಾಕ್ಷಿಯಲ್ಲ. ಒಂದೇ ಮಾತು ಮತ್ತೆ ಮತ್ತೆ ಕಿವಿಗೆ ಬಿದ್ದರೆ ಅದು ನಿಜವೆನ್ನಿಸತೊಡಗುತ್ತದೆ ಅಂತ ಮನಶ್ಶಾಸ್ತ್ರಜ್ಞರು 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿಗಳ ಜಾಡು ಹಿಡಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಂಭವ ನಿಜಕ್ಕಿಂತ ಶೇ. 70ರಷ್ಟು ಹೆಚ್ಚು, ರಾಜಕೀಯದ ಸುಳ್ಳಿನ ಓಟವಂತೂ ಉಳಿದೆಲ್ಲ ಸುಳ್ಳುಗಳಿಗಿಂತ ಜೋರು. ಬಾಟ್‌ಗಳನ್ನು, ಅಂದರೆ ತಾನಾಗಿಯೇ ಪೋಸ್ಟ್ ಹಾಕುವ ಕಂಪ್ಯೂಟರ್ ಖಾತೆಗಳನ್ನು, ಲೆಕ್ಕದಿಂದ ಬಿಟ್ಟು ನೋಡಿದರೂ ಚಿತ್ರ ಬದಲಾಗಲಿಲ್ಲ. ಹರಡಿದವರು ನಮ್ಮಂಥ ಮನುಷ್ಯರೇ.

ಪೂರ್ತಿ ಕಟ್ಟುಕತೆಗಿಂತ, ನಿಜವನ್ನೇ ಸ್ವಲ್ಪ ತಿರುಚಿದ್ದನ್ನು ಹಿಡಿಯುವುದು ಕಷ್ಟ. 2019ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಗೆ ಆಗ ಸ್ಪೀಕರ್ ಆಗಿದ್ದ ನ್ಯಾನ್ಸಿ ಪೆಲೋಸಿಯವರ ವಿಡಿಯೊ ಒಂದು ಹರಡಿತು. ಮಾತು ಅವರದೇ, ಮುಖ ಅವರದೇ. ವೇಗವನ್ನು ಸುಮಾರು ಮುಕ್ಕಾಲಿಗೆ ಇಳಿಸಿದ್ದರು, ಅಷ್ಟೇ. ನೋಡಿದವರಿಗೆ ಅವರು ಕುಡಿದು ತೊದಲುತ್ತಿರುವಂತೆ ಕಂಡಿತು. ಅಂಕಿಸಂಖ್ಯೆಯ ಕತೆಯೂ ಇದೇ: "ಅಪರಾಧ ಶೇ. 100 ಏರಿಕೆ" ಅಂದಾಗ ಎರಡು ಪ್ರಕರಣ ನಾಲ್ಕಾಗಿರಲೂಬಹುದು. ಎಷ್ಟಿದ್ದದ್ದು ಎಷ್ಟಾಯಿತು, ಯಾವ ವರ್ಷಕ್ಕೆ ಹೋಲಿಸಿದ್ದಾರೆ ಅಂತ ಕೇಳಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಅಂದದ್ದು ಇಂಥದ್ದಕ್ಕೇ.

ಹೇಗೆ ಪ್ರಮಾಣಿಸುವುದು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇತಿಹಾಸದ ವಿದ್ವಾಂಸರು, ವಿದ್ಯಾರ್ಥಿಗಳು ಮತ್ತು ಫ್ಯಾಕ್ಟ್‌ಚೆಕ್ (ಸುದ್ದಿ ನಿಜವೋ ಸುಳ್ಳೋ ಅಂತ ಪರೀಕ್ಷಿಸುವ ಕೆಲಸ) ಮಾಡುವವರ ಮುಂದೆ ಒಂದೇ ಬಗೆಯ ವೆಬ್‌ಸೈಟ್‌ಗಳನ್ನು ಇಟ್ಟು ನೋಡಿದರು. ಫ್ಯಾಕ್ಟ್‌ಚೆಕ್‌ನವರೇ ಬೇಗ ಸರಿಯಾದ ತೀರ್ಮಾನಕ್ಕೆ ಬಂದರು. ಉಳಿದವರಲ್ಲಿ ಹೆಚ್ಚಿನವರು ಅದೇ ಪುಟದ ವಿನ್ಯಾಸ, ಲೋಗೊ ನೋಡುತ್ತ ಕೂತಿದ್ದರೆ, ಇವರು ಸ್ವಲ್ಪ ಹೊತ್ತಿಗೇ ಪುಟ ಬಿಟ್ಟು ಹೊರಬಂದು, ಇದನ್ನು ನಡೆಸುವವರು ಯಾರು, ಅವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ಹುಡುಕಿದರು. ನಾನು ಕಲಿತ ಉಪಾಯಗಳಲ್ಲಿ ಇದರಷ್ಟು ಕೆಲಸಕ್ಕೆ ಬಂದದ್ದು ಬೇರೆ ಇಲ್ಲ. ಹುಡುಕಿಯೂ ಏನೂ ಸಿಗದಿದ್ದರೆ ಫಾರ್ವರ್ಡ್ ಮಾಡುವುದಿಲ್ಲ.

ಒಂದು ಮಾತ್ರ ಎಚ್ಚರ: "ಎಲ್ಲ ಸುಳ್ಳೇ ಬಿಡಿ" ಅಂತ ಕೈಚೆಲ್ಲಬೇಡಿ. ಸಿಕ್ಕಿಬಿದ್ದ ನಾಯಕರಿಗೆ ಬೇಕಾಗಿರುವುದೇ ಅದು. ನಿಜವಾದ ಆಡಿಯೊ ಹೊರಬಂದರೂ "ಎಐ ಮಾಡಿದ್ದು" ಅಂದುಬಿಟ್ಟರೆ ಅವರು ಪಾರಾಗುತ್ತಾರೆ. ಆಗಲೂ ಅದೇ ಕೆಲಸ ಮಾಡಿ: ಪೂರ್ತಿ ರೆಕಾರ್ಡಿಂಗ್ ಎಲ್ಲಿದೆ, ಮೊದಲು ಹೊರಬಿಟ್ಟವರು ಯಾರು, ಆ ಹೊತ್ತು ಅಲ್ಲೇ ಇದ್ದವರು ಏನು ಹೇಳಿದರು, ಹುಡುಕಿ.