ಹಳೇ ಟೈರಿನ ಗೀರು ತೋರಿಸಿದರೆ ಡಿಸೈನ್ ಪೇಟೆಂಟ್ ಬಿದ್ದುಹೋಗುತ್ತಾ?

ಪ್ರಶ್ನೆ: ನಮ್ಮ ಟ್ರಕ್ ಟೈರಿನ ಟ್ರೆಡ್ (ನೆಲಕ್ಕೆ ತಾಗುವ ಮೇಲ್ಮೈ) ತನ್ನ ಡಿಸೈನ್ ಪೇಟೆಂಟಿನ, ಅಂದರೆ ವಸ್ತುವಿನ ನೋಟಕ್ಕೆ ಸಿಗುವ ಹಕ್ಕಿನ, ನಕಲು ಎಂದು ಅಮೆರಿಕದ ಕಂಪನಿಯೊಂದು ನೋಟಿಸ್ ಕೊಟ್ಟಿದೆ. ಅವರ ಟ್ರೆಡ್‌ನ ಅಂಕುಡೊಂಕು ಗೀರು ಒಂದು ಹಳೇ ಕ್ಯಾಟಲಾಗಿನ ಟೈರಿನಲ್ಲಿದೆ. ಅಂಚಿನ ಬಟನ್‌ಗಳು ಇನ್ನೊಂದು ಹಳೇ ಟೈರಿನಲ್ಲಿವೆ. ಹಾಗಿದ್ದ ಮೇಲೆ ಅದು ಹೊಸ ಡಿಸೈನ್ ಹೇಗಾಗುತ್ತದೆ?

ಉತ್ತರ: ಗೀರು ಇಲ್ಲಿಂದ, ಬಟನ್ ಅಲ್ಲಿಂದ ಎಂದು ಎರಡು ಟೈರ್ ಕೂಡಿಸಿ 'ಹೊಸತಲ್ಲ' ಎನ್ನಲು ಬರುವುದಿಲ್ಲ. ಒಂದೇ ಹಳೇ ಟೈರಿನಲ್ಲಿ ಆ ಡಿಸೈನ್ ಇಡಿಯಾಗಿ ಕಾಣಬೇಕು. ಕಾಣಬೇಕಾದದ್ದು ಎಂಜಿನಿಯರ್ ಕಣ್ಣಿಗಲ್ಲ, ಕೊಳ್ಳುವವರ ಕಣ್ಣಿಗೆ. ಗುಡ್‌ಇಯರ್ ಮತ್ತು ಹರ್ಕ್ಯುಲಿಸ್ ಎಂಬ ಟೈರ್ ಕಂಪನಿಗಳ ನಡುವಿನ 1998ರ ಟ್ರಕ್ ಟೈರ್ ಕೇಸಿನಲ್ಲಿ ಕೋರ್ಟ್ ನೋಡಿದ್ದು ಟ್ರಕ್ ಟೈರ್ ಕೊಳ್ಳುವವರ ಕಣ್ಣಿನಿಂದಲೇ. ಅವರು ದಿನಾ ಟೈರ್ ನೋಡುವವರು, ಸಣ್ಣ ವ್ಯತ್ಯಾಸವೂ ಕಣ್ಣಿಗೆ ಬೀಳುತ್ತದೆ ಅಲ್ವಾ?

ಇಲ್ಲೊಂದು ಇಕ್ಕಟ್ಟಿದೆ. ನಕಲು ಹೌದೋ ಅಲ್ಲವೋ ಎಂದು ಅಳೆಯುವುದೂ, ಹೊಸತು ಹೌದೋ ಅಲ್ಲವೋ ಎಂದು ಅಳೆಯುವುದೂ ಒಂದೇ ಅಳತೆಗೋಲು. 2009ರಲ್ಲಿ ಪಾದರಕ್ಷೆಯ ಕೇಸೊಂದರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಮೇಲ್ಮನವಿ ಕೇಳುವ ಫೆಡರಲ್ ಸರ್ಕ್ಯೂಟ್ ಕೋರ್ಟ್ ಇದನ್ನು ಖಚಿತಪಡಿಸಿತು. ಹಾಗಾಗಿ 'ಗೀರಿನ ಕೋನ ಸ್ವಲ್ಪ ಬೇರೆಯಾದರೇನು, ಹಳೇ ಟೈರೂ ಪೇಟೆಂಟಿನದೂ ಒಂದೇ' ಎಂದು ನೀವು ವಾದಿಸಿದಿರಿ ಅನ್ನಿ. ಅಷ್ಟೇ ವ್ಯತ್ಯಾಸ ತೋರಿಸಿ 'ನಮ್ಮದು ಬೇರೆ' ಎಂದು ತಪ್ಪಿಸಿಕೊಳ್ಳುವುದು ಆಮೇಲೆ ಕಷ್ಟ. ಯಾವ ವಾದ ಮುಂದಿಡಬೇಕೆಂದು ಮೊದಲೇ ತೀರ್ಮಾನಿಸಿ.

ನಿಮ್ಮ ಎರಡು ಕ್ಯಾಟಲಾಗುಗಳಿಗೆ ಬೆಲೆಯೇ ಇಲ್ಲ ಅಂತಲ್ಲ. ಅವು ಬೇರೆ ವಾದಕ್ಕೆ ಬರುತ್ತವೆ: ಹಳೆಯದನ್ನು ನೋಡಿದ ಯಾವ ಡಿಸೈನರಿಗೂ ಸುಲಭವಾಗಿ ಹೊಳೆಯುವಂಥದ್ದು ಎಂಬ ವಾದ. ಟೈಟನ್ ಟೈರ್ ಕಂಪನಿ 2009ರಲ್ಲಿ ಬ್ಯಾಕ್‌ಹೋ (ಮಣ್ಣು ಅಗೆಯುವ ಯಂತ್ರ) ಟೈರಿನ ಡಿಸೈನ್ ಹಿಡಿದು 'ಕೇಸ್ ನ್ಯೂ ಹಾಲೆಂಡ್' ಎಂಬ ಕಂಪನಿಯ ವಿರುದ್ಧ ಮಧ್ಯಂತರ ತಡೆ ಕೇಳಿ ಸೋತದ್ದು ಇದೇ ವಾದದೆದುರು. 2024ರಲ್ಲಿ ಎಲ್‌ಕೆಕ್ಯೂ ಮತ್ತು ಜನರಲ್ ಮೋಟರ್ಸ್ ಕಂಪನಿಗಳ ನಡುವಿನ ಕೇಸಿನಲ್ಲಿ ಅದೇ ಫೆಡರಲ್ ಸರ್ಕ್ಯೂಟ್ ಕೋರ್ಟಿನ ತೀರ್ಪು ಬಂದ ಮೇಲೆ ಈ ದಾರಿ ಇನ್ನಷ್ಟು ಸಲೀಸಾಗಿದೆ. ಹೋಲಿಕೆಗೆ ಹಿಡಿದ ಮುಖ್ಯ ಹಳೇ ಡಿಸೈನ್ ಹೆಚ್ಚುಕಡಿಮೆ ಪೇಟೆಂಟಿನ ಡಿಸೈನಿನಂತೆಯೇ ಇರಬೇಕೆಂಬ ಬಿಗಿ ನಿಯಮವನ್ನು ಕೋರ್ಟ್ ಕೈಬಿಟ್ಟಿದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಹಿಡಿಯುತ್ತಿದ್ದೆ.

ಕ್ಯಾಟಲಾಗಿನ ತಾರೀಖು ಮಾತ್ರ ಗಟ್ಟಿಯಾಗಿರಲಿ. ಅವರು ಅರ್ಜಿ ಹಾಕುವ ಮೊದಲೇ ಅದು ಜನರ ಕೈಗೆ ಸಿಕ್ಕಿತ್ತು ಎಂದು ತೋರಿಸಬೇಕು. ಫ್ಯಾಕ್ಟರಿಯ ಬೀರುವಿನಲ್ಲೇ ಇದ್ದ ಅಚ್ಚಿನ ಡ್ರಾಯಿಂಗ್ ನಡೆಯುವುದಿಲ್ಲ. ಫೋಟೋದಲ್ಲಿ ಟೈರಿನ ಪಕ್ಕ ಮಾತ್ರ ಕಂಡು ಟ್ರೆಡ್ ಕಾಣದಿದ್ದರೆ ಅದೂ ಸುಮ್ನೆ. ಅವರೇ ಅರ್ಜಿಗೆ 1 ವರ್ಷಕ್ಕಿಂತ ಮುಂಚೆ ಆ ಟೈರನ್ನು ಮಾರಾಟಕ್ಕೆ ಇಟ್ಟಿದ್ದರಾ ಎಂಬುದನ್ನೂ ಹುಡುಕಿಸಿ. ಇಟ್ಟಿದ್ದರೆ ಪೇಟೆಂಟ್ ಬೀಳಲು ಅದೊಂದೇ ಸಾಕು.