ಪಕ್ಕದವರ ಏಳಿಗೆ ನೋಡಿ ಹೊಟ್ಟೆಕಿಚ್ಚು ಬರುತ್ತದೆ. ಕ್ರೈಸ್ತ ನಂಬಿಕೆಯಲ್ಲಿ ಇದಕ್ಕೆ ದಾರಿ ಏನು?

ಪಕ್ಕದ ಬೋಟಿಗೆ ಬುಟ್ಟಿಗಟ್ಟಲೆ ಬಂಗಡೆ, ನಮ್ಮ ಬಲೆ ಖಾಲಿ. ಕಾರವಾರದ ಬೈತಖೋಲ ಬಂದರಿನಲ್ಲಿ ಆಗ ಯಾರ ಮುಖವೂ ಅರಳುವುದಿಲ್ಲ ಬಿಡಿ. ಹೊಟ್ಟೆಕಿಚ್ಚು ಬಂತೆಂದು ನಿಮ್ಮ ನಂಬಿಕೆಯೇ ಸುಳ್ಳು ಅಂದುಕೊಳ್ಳಬೇಡಿ. ಬೈಬಲಿನ 73ನೇ ಕೀರ್ತನೆ ಓದಿ. ದುಷ್ಟರ ಸುಖ ಕಂಡು ಹೊಟ್ಟೆ ಉರಿಯಿತು, ಕಾಲು ಜಾರುವುದರಲ್ಲಿತ್ತು ಅಂತ ಅದರ ಕವಿ ಆಸಾಫ ದೇವರೆದುರೇ ಹೇಳಿಕೊಳ್ಳುತ್ತಾನೆ. ನೀವೂ ಹಾಗೇ ಹೇಳಿಬಿಡಿ, ಸುಮ್ನೆ ಒಳ್ಳೆಯವರಂತೆ ನಟಿಸಬೇಡಿ.

ನನಗೆ ಜಾಸ್ತಿ ಹಿಡಿಸುವುದು ಯೋಹಾನನ ಸುವಾರ್ತೆಯ 21ನೇ ಅಧ್ಯಾಯ. ರಾತ್ರಿಯಿಡೀ ದುಡಿದು ಬಂದ ಶಿಷ್ಯರಿಗೆ ಯೇಸು ದಡದಲ್ಲಿ ಕೆಂಡದ ಮೇಲೆ ಸುಟ್ಟ ಮೀನು, ರೊಟ್ಟಿ ಕೊಡುತ್ತಾರೆ. ಊಟ ಆದ ಮೇಲೆ ಪೇತ್ರನಿಗೆ ಅವನ ಮುಂದಿನ ಕಷ್ಟದ ಸಾವಿನ ಸುಳಿವು ಕೊಡುತ್ತಾರೆ. ಪೇತ್ರ ಹಿಂತಿರುಗಿ ಇನ್ನೊಬ್ಬ ಶಿಷ್ಯನನ್ನು ನೋಡಿ, ಇವನ ಗತಿ ಏನು ಅಂತ ಕೇಳುತ್ತಾನೆ. ನಾವೂ ಹಾಗೇ ಅಲ್ವಾ! ಯೇಸು ಅದನ್ನು ಬಿಡಿಸಿ ಹೇಳುವುದೇ ಇಲ್ಲ. ಅದು ನಿನಗೇಕೆ, ನೀನು ನನ್ನ ಹಿಂದೆ ಬಾ ಅನ್ನುತ್ತಾರೆ.

ತೃಪ್ತಿ ಒಂದೇ ದಿನಕ್ಕೆ ಬರುವುದಿಲ್ಲ. ಯೇಸುವಿನ ಸುವಾರ್ತೆ ಸಾರಿದ ಪೌಲನೂ ಅದನ್ನು ಕಲಿತೆ ಅಂತಲೇ ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಬರೆದ, ಅದೂ ಸೆರೆಯಲ್ಲಿದ್ದಾಗ. ಯಾರ ಮೇಲೆ ಹೊಟ್ಟೆಕಿಚ್ಚೋ ಅವರ ಹೆಸರು ಹಿಡಿದು ದಿನಾ ಪ್ರಾರ್ಥಿಸಿ. ಮೊದಮೊದಲು ಅದು ಬರೀ ಬಾಯಿಮಾತು ಆಗಿರುತ್ತದೆ. ಇರಲಿ, ನಿಲ್ಲಿಸಬೇಡಿ.